ಇಬ್ಬರ ಪಾಲಿನ ಚಪ್ಪಾಳೆ

ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಟಕ್ ಟಕ್ ಎಂದು ಕೇಳುತ್ತದಲ್ಲ, ಆ ಸದ್ದು ನಾಯಕಿಯದಲ್ಲ. ಆಕೆ ಶೂಟಿಂಗ್ ಮುಗಿಸಿ ಎಂದೋ ಮನೆಗೆ ಹೋಗಿರುತ್ತಾಳೆ. ಆಮೇಲೆ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಪರದೆಯ ಮೇಲಿನ ಆ ಕಾಲುಗಳನ್ನೇ ದಿಟ್ಟಿಸುತ್ತಾ, ಇನ್ಯಾರೋ ನಿಂತಲ್ಲೇ ಆ ಹೆಜ್ಜೆ ಹಾಕಿರುತ್ತಾರೆ. ನಾನು ಹೇಳಹೊರಟಿರುವುದು ಅಂಥ ಒಬ್ಬಳ ವಿಷಯ. ಸ್ಟುಡಿಯೋದವರು ಅವಳನ್ನು ಹೆಜ್ಜೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಒಂದಿತ್ತು, ಅದಕ್ಕೆ ಸಂಬಳದ ದಿನ ಬಿಟ್ಟರೆ ಬೇರೆ ದಿನ ಕೆಲಸವಿರಲಿಲ್ಲ.

ಅವಳ ಕೋಣೆಗೆ ಹೊಸಬರು ಯಾರಾದರೂ ಬಂದರೆ ಗುಜರಿ ಅಂಗಡಿಗೆ ಬಂದೆವೇನೋ ಎಂದು ಹೊರಗೆ ಹೋಗಿ ಬೋರ್ಡು ನೋಡಿ ಬರುತ್ತಿದ್ದರು. ನೆಲದ ತುಂಬ ಮರದ ತಟ್ಟೆಗಳು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣಗಿದ ಎಲೆ. ಗೋಡೆಯುದ್ದಕ್ಕೂ ಗಂಡಸರ, ಹೆಂಗಸರ, ಮಕ್ಕಳ ಹಳೇ ಚಪ್ಪಲಿ, ಬೂಟು. ಹಳೆಯ ಕ್ಯಾಸೆಟ್ ಟೇಪಿನ ಉಂಡೆಯನ್ನು ತುಳಿದರೆ ಹುಲ್ಲಿನ ಮೇಲೆ ನಡೆದ ಸದ್ದು, ಒದ್ದೆ ಬಟ್ಟೆ ಸುತ್ತಿದ ಎಲೆಕೋಸಿಗೆ ಗುದ್ದಿದರೆ ಖಳನಾಯಕನ ಹೊಟ್ಟೆಗೆ ಬಿದ್ದ ಏಟು. ಚರ್ಮದ ಕೈಗವಸುಗಳನ್ನು ಪಟಪಟ ಬಡಿದರೆ ಪಾರಿವಾಳ ಹಾರಿಹೋಯಿತು. ಇದನ್ನೆಲ್ಲ ಅವಳು ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಮಾಡುತ್ತಿದ್ದಳು. ಗಾಜಿನ ಗೋಡೆಯಾಚೆ ಯಂತ್ರದ ಮುಂದೆ ಕೂತ ರೆಕಾರ್ಡಿಂಗ್ ಮುದುಕಪ್ಪ ಮಾತ್ರ ಆಗಾಗ ಮೈಕಿನಲ್ಲಿ ಕಾಲೆಳೆಯುತ್ತಿದ್ದ: "ನಾಯಕಿ ಐವತ್ತು ಕೇಜಿ ಇದ್ದಾಳಕ್ಕಾ, ನೀನು ಎಪ್ಪತ್ತು ಕೇಜಿ ನಡೀತಿದ್ದೀಯ. ಸ್ವಲ್ಪ ಹಗುರಾಗು."

ಎಂಟು ಮಂದಿ ಒಟ್ಟಿಗೆ ಊಟಕ್ಕೆ ಕೂತ ಮನೆಯ ಗಲಗಲವನ್ನು ಅವಳೊಬ್ಬಳೇ ಮಾಡಬಲ್ಲವಳಾಗಿದ್ದಳು. ಲೋಟ ಉರುಳಿಸುವ ಮಗು, ಬಡಿಸುವ ತಾಯಿ, ಕುರ್ಚಿ ಎಳೆದುಕೊಳ್ಳುವ ಮಾವ, ಎಲ್ಲವೂ ಅವಳೇ. ಸಂಜೆ ಮನೆಗೆ ಬಂದರೆ ಒಂದು ತಟ್ಟೆ, ಒಂದು ಚಮಚ. ಒಲೆಯ ಪಕ್ಕದಲ್ಲಿ ನಿಂತೇ ಉಂಡು, ಚಮಚ ತಟ್ಟೆಗೆ ತಾಗದಂತೆ ಇಡುತ್ತಿದ್ದಳು. ಅಭ್ಯಾಸಬಲವೇನಲ್ಲ. ಒಂಟಿ ಚಮಚದ ಸದ್ದು ಎಷ್ಟು ದೊಡ್ಡದು ಎಂಬುದು ಅವಳಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ತಮ್ಮನನ್ನು ಒಂದು ದಡ ಮುಟ್ಟಿಸುವಷ್ಟರಲ್ಲಿ ಹೊತ್ತು ಮೀರಿತು ಎನ್ನುತ್ತಿದ್ದಳು. ಆ ತಮ್ಮ ಈಗೆಲ್ಲಿ ಎಂದು ಕೇಳಿದರೆ ಎದ್ದು ಟೀ ಮಾಡಲು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಆ ಕೋಣೆಗೆ ಒಬ್ಬ ನಿರ್ದೇಶಕ ಬಂದ. ಸಣಕಲು ಆಸಾಮಿ, ಗಡ್ಡ ಬೋಳಿಸಲು ಮರೆತಿದ್ದನೋ ಬಿಟ್ಟಿದ್ದನೋ ಹೇಳುವುದು ಕಷ್ಟ. ಅವನ ಸಿನಿಮಾದಲ್ಲಿ ಮಾತಿರಲಿಲ್ಲ, ಹಾಡಿರಲಿಲ್ಲ, ನಾಯಕಿಯಂತೂ ಮೊದಲೇ ಇರಲಿಲ್ಲ. "ಪ್ರಯೋಗ" ಎಂದ. ಮುದುಕಪ್ಪ ಗಾಜಿನಾಚೆ ಹಣೆ ಹಣೆ ಚಚ್ಚಿಕೊಂಡ. ಪ್ರಯೋಗದವರು ರಾಶಿ ಕೆಲಸ ಕೊಡುತ್ತಾರೆ, ಮಧ್ಯಾಹ್ನದ ಊಟ ಕೊಡುವುದಿಲ್ಲ ಎಂಬುದು ಅವನ ಅನುಭವ.

ಸಿನಿಮಾದ ಕಥೆ ಹೀಗಿತ್ತು. ಒಂದು ಪಟ್ಟಣ. ಪ್ರತಿ ಸಂಜೆ ಗಂಟೆ ಹೊಡೆದ ಕೂಡಲೆ ಊರಿನವರೆಲ್ಲ ತಮ್ಮ ತಮ್ಮ ಕಿಟಕಿಗೆ ಬಂದು, ಚೌಕದಲ್ಲಿರುವ ಎತ್ತರದ ಉಪ್ಪರಿಗೆಯತ್ತ ತಿರುಗಿ ಚಪ್ಪಾಳೆ ತಟ್ಟಬೇಕು. ಉಪ್ಪರಿಗೆಯಲ್ಲಿ ಒಂದು ಖಾಲಿ ಕುರ್ಚಿ. ಅದರಲ್ಲಿ ಯಾರಾದರೂ ಕೂತದ್ದನ್ನು ಕಂಡವರಿಲ್ಲ, ಆದರೆ ಅದರ ದಿಂಬನ್ನು ದಿನಾ ಬದಲಾಯಿಸುತ್ತಾರೆ. ಒಂದು ಸಂಜೆ ಒಬ್ಬ ಕ್ಷೌರಿಕ ಕಿಟಕಿಗೆ ಬರುತ್ತಾನೆ, ಕೈ ತಟ್ಟುವುದಿಲ್ಲ. ಸುಮ್ಮನೆ ನಿಲ್ಲುತ್ತಾನೆ. ಪೊಲೀಸರು ಬರುವುದಿಲ್ಲ, ಯಾರೂ ಗದರಿಸುವುದಿಲ್ಲ. ಮರುದಿನದಿಂದ ನೆರೆಹೊರೆಯವರೇ ಒಬ್ಬೊಬ್ಬರಾಗಿ ಒಂದೊಂದು ಇಟ್ಟಿಗೆ ತಂದು ಅವನ ಕಿಟಕಿಗೆ ಗೋಡೆ ಕಟ್ಟುತ್ತಾರೆ. ದ್ವೇಷದಿಂದಲ್ಲ, ಪಾಪ, ಅವನ ಕೈ ಸುಮ್ಮನಿರುವುದು ಯಾರ ಕಣ್ಣಿಗೂ ಬೀಳದಿರಲಿ ಎಂಬ ಅಕ್ಕರೆಯಿಂದ. ಕೊನೆಯ ಇಟ್ಟಿಗೆ ಕೂರುತ್ತದೆ, ಕತ್ತಲಾಗುತ್ತದೆ, ಮುಗಿಯಿತು.

"ಇದನ್ನ ಯಾರು ನೋಡ್ತಾರೆ?" ಎಂದು ಮುದುಕಪ್ಪ ಕೇಳಿದ.

"ನೋಡೋರು ನೋಡ್ತಾರೆ," ಎಂದ ನಿರ್ದೇಶಕ.

ಕಥೆ ಕೇಳುವಾಗ ಹೆಜ್ಜೆಯಕ್ಕನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

ಕೆಲಸ ಶುರುವಾಯಿತು. ಇಡೀ ಊರಿನ ಚಪ್ಪಾಳೆಯನ್ನು ಒಬ್ಬಳೇ ತಟ್ಟುವುದು ಅವಳಿಗೆ ಹೊಸದಲ್ಲ. ಒಮ್ಮೆ ತಟ್ಟಿ ಹಿಡಿದಿಟ್ಟು, ಅದರ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ ಎಂದು ಪದರ ಪದರವಾಗಿ ಪೇರಿಸುತ್ತಾರೆ. ಆದರೆ ಪ್ರತಿ ಸಲವೂ ಬೇರೆ ಮನುಷ್ಯನಾಗಿ ತಟ್ಟಬೇಕು: ಅಂಗೈ ಒದ್ದೆ ಮಾಡಿಕೊಂಡು, ಕೈಗವಸು ಹಾಕಿಕೊಂಡು, ಅಂಗೈ ಬೋಗುಣಿ ಮಾಡಿಕೊಂಡು, ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು. ಈ ಕಸುಬಿನವರು ದಣಿದಾಗ ಒಂದು ತಪ್ಪು ಮಾಡುತ್ತಾರೆ. ತಮಗರಿವಿಲ್ಲದೆಯೇ ತಮ್ಮದೇ ಲಯಕ್ಕೆ ಜಾರುತ್ತಾರೆ. ಆಗ ಸಾವಿರ ಕೈಗಳ ಸದ್ದು ಒಬ್ಬನೇ ಮನುಷ್ಯನ ಎರಡು ಕೈಯಾಗಿ ಕೇಳತೊಡಗುತ್ತದೆ, ಎಲ್ಲವನ್ನೂ ಅಳಿಸಿ ಮತ್ತೆ ತಟ್ಟಬೇಕಾಗುತ್ತದೆ. ನಿರ್ದೇಶಕನಿಗೆ ಬೇಕಾಗಿದ್ದು ಆ ತಪ್ಪೇ. "ಎಲ್ಲಾ ಒಂದೇ ತರ ಇರಲಿ ಅಕ್ಕಾ. ಊರಿಗೆಲ್ಲ ಒಂದೇ ಜೊತೆ ಕೈ ಇದ್ದ ಹಾಗೆ," ಎಂದ. ಬದುಕಿಡೀ ತಪ್ಪಿಸಿಕೊಂಡು ಬಂದ ತಪ್ಪನ್ನು ಬೇಕೆಂದೇ ಮಾಡುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ತಿಳಿಯಿತು. ಅಂಗೈ ಕೆಂಪಗೆ ಊದುವತನಕ ತಟ್ಟಿದಳು.

ಕ್ಷೌರಿಕ ಸುಮ್ಮನೆ ನಿಲ್ಲುವ ದೃಶ್ಯ ಬಂತು. ಕ್ಯಾಮೆರಾ ಅವನ ಮುಖದ ಹತ್ತಿರ, ಬಹಳ ಹತ್ತಿರ ಹೋಗಿ ನಿಲ್ಲುತ್ತದೆ.

"ಇಲ್ಲಿ ಏನು ಹಾಕೋಣ?" ಎಂದ ನಿರ್ದೇಶಕ. "ಇಷ್ಟು ಹೊತ್ತು ಊರಿನ ಕಿವಿಯಿಂದ ಕೇಳ್ತಿದ್ವಿ. ಈಗ ಇವನ ಕಿವಿ ಒಳಗೆ ಹೋಗಬೇಕು."

"ಏನೂ ಹಾಕಬೇಡಿ. ನಿಶ್ಶಬ್ದ," ಎಂದ ಮುದುಕಪ್ಪ, ಮನೆಗೆ ಹೋಗುವ ಹೊತ್ತಾಗಿತ್ತು.

"ನಿಶ್ಶಬ್ದ ಹಾಕಿದ್ರೆ ಜನ ಮಿಷನ್ ಕೆಟ್ಟೋಯ್ತು ಅಂತ ಹಿಂದಕ್ಕೆ ತಿರುಗಿ ನೋಡ್ತಾರೆ," ಎಂದಳು ಹೆಜ್ಜೆಯಕ್ಕ.

"ಅದೇ ನಾನು ಹೇಳ್ತಿರೋದು," ಎಂದ ನಿರ್ದೇಶಕ. "ಎಲ್ಲರೂ ತಟ್ಟುವಾಗ ತಟ್ಟದೇ ನಿಂತವನಿಗೆ ಏನು ಕೇಳಿಸುತ್ತೆ? ನನಗೆ ಗೊತ್ತಿಲ್ಲ ಅಕ್ಕಾ. ನಿಜ ಹೇಳ್ತೀನಿ, ನಾನು ಯಾವತ್ತೂ ತಟ್ಟದೇ ಕೂತವನಲ್ಲ."

ಹೆಜ್ಜೆಯಕ್ಕನೂ ಕೂತವಳಲ್ಲ. ಆದರೆ ಹಾಗೆ ಕೂತ ಒಬ್ಬ ಅವಳಿಗೆ ಗೊತ್ತಿದ್ದ.

ಅವಳ ತಮ್ಮ. ಅವನು ಶಾಲಾ ಮೇಷ್ಟರಾಗಿದ್ದ. ಅಮ್ಮ ತೀರಿಕೊಂಡಾಗ ಅವನಿಗೆ ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಅಲ್ಲಿಂದ ಮೇಷ್ಟರ ಕುರ್ಚಿಯವರೆಗೆ ಅವನನ್ನು ತಂದವಳು ಇವಳು. ಒಂದು ದಿನ ಅವನ ಶಾಲೆಗೆ ದೊಡ್ಡವರೊಬ್ಬರು ಭಾಷಣಕ್ಕೆ ಬಂದರು. ಎಷ್ಟು ದೊಡ್ಡವರೆಂದರೆ, ಅವರ ಕಾರು ಬರುವ ಮೊದಲೇ ರಸ್ತೆಯ ನಾಯಿಗಳೂ ಮಾಯವಾಗಿದ್ದವು. ಮನೆಯವರನ್ನೂ ಕರೆತರಬೇಕೆಂದು ಅಪ್ಪಣೆಯಾಗಿತ್ತು, ಇವಳು ತಮ್ಮನ ಪಕ್ಕದಲ್ಲೇ ಕೂತಿದ್ದಳು. ಭಾಷಣದ ನಡುವೆ ದೊಡ್ಡವರು, ಹಳೆಯ ಹೆಡ್‌ಮಾಸ್ಟರು ತಾವಾಗಿಯೇ ರಾಜೀನಾಮೆ ಕೊಟ್ಟು ನೆಮ್ಮದಿಯಾಗಿ ವಿಶ್ರಾಂತಿ ಪಡೆಯುತ್ತಿದ್ದಾರೆ, ಅವರಿಗೆ ಒಳ್ಳೆಯದಾಗಲಿ ಎಂದರು. ಹೆಡ್‌ಮಾಸ್ಟರನ್ನು ಮನೆಯಿಂದ ಬರಿಗಾಲಲ್ಲಿ ವ್ಯಾನಿಗೆ ಹತ್ತಿಸಿದ್ದನ್ನು ಕಣ್ಣಾರೆ ಕಂಡ ಸಭಾಂಗಣ ಅದು. ಆ ಸಭಾಂಗಣ ಚಪ್ಪಾಳೆ ತಟ್ಟಿತು. ತಮ್ಮ ಮಾತ್ರ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವಳು ಮೊಣಕೈಯಿಂದ ತಿವಿದಳು. ಅವನು ಅಲುಗಲಿಲ್ಲ.

ಮುಂದೆ ಆದದ್ದು ಆಗಲೇಬೇಕಾದದ್ದು. ವಿಚಾರಣೆಗೆ ಕರೆ ಬಂತು. ಹಿಂದಿನ ದಿನ ಅವಳು ಔಷಧಿ ಅಂಗಡಿಯಿಂದ ಬ್ಯಾಂಡೇಜ್ ಪಟ್ಟಿ ತಂದು ಅವನ ಮುಂದಿಟ್ಟಳು. "ಕೈ ಉಳುಕಿತ್ತು ಅನ್ನು. ಅಷ್ಟೇ. ಇನ್ನೇನೂ ಹೇಳಬೇಡ." ಬೂಟು ಬದಲಾಯಿಸಿ ಗಂಡಸಾಗುವ, ಎಲೆಕೋಸಿಗೆ ಗುದ್ದಿ ಕೊಲೆ ಮಾಡುವ ಹೆಂಗಸಿಗೆ ಅದೇನು ದೊಡ್ಡ ವಿಷಯ? ತಮ್ಮ ಆ ಪಟ್ಟಿಯನ್ನು ಮುಟ್ಟಲಿಲ್ಲ. ಕೆಲಸ ಹೋಯಿತು. ಹೆಂಡತಿಯನ್ನು ಕರೆದುಕೊಂಡು ದೂರದ ಊರಿಗೆ ಹೋಗಿ, ಮರದ ಡಿಪೋದಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿದ. ಅಲ್ಲಿಂದ ಒಂದು ಮಾತಿಲ್ಲ. ಫೋನ್ ಮಾಡಿದರೆ ಹೆಂಡತಿ ಎತ್ತುತ್ತಿದ್ದಳು, "ಚೆನ್ನಾಗಿದ್ದಾರೆ" ಎನ್ನುತ್ತಿದ್ದಳು. ಆ ಹಾಳು ಪಟ್ಟಿಯನ್ನು ಯಾಕೆ ಕೊಂಡುಹೋದೆ ಎಂದು ಹೆಜ್ಜೆಯಕ್ಕ ಕೈ ಕೈ ಹಿಸುಕಿಕೊಳ್ಳುತ್ತಾ ವರ್ಷಗಳನ್ನು ಕಳೆದಳು. ಅವಳಿಗೆ ಲೋಕದಲ್ಲಿ ಇದ್ದವನು ಅವನೊಬ್ಬ. ಅವನು ಇದ್ದೂ ಇರಲಿಲ್ಲ.

ಈಗ ಹೋಗಲು ಒಂದು ನೆಪ ಸಿಕ್ಕಿತ್ತು. ನೆಪವೆಂದು ಅವಳಿಗೂ ಗೊತ್ತಿತ್ತು. ಮರುದಿನ ಬೆಳಗಿನ ಬಸ್ಸು ಹಿಡಿದಳು.

ಡಿಪೋದ ಗೇಟಿನ ಒಳಗೆ ತೂಕದ ಕಟ್ಟೆ, ಅದರ ಪಕ್ಕ ತಗಡಿನ ಕ್ಯಾಬಿನ್ನು. ಕಿಟಕಿಯಲ್ಲಿ ಕೂತವನ ತಲೆ ನೆರೆತಿತ್ತು, ಕನ್ನಡಕ ಬಂದಿತ್ತು. ಅವಳನ್ನು ನೋಡಿದ. ಗಾಬರಿಯಿಲ್ಲ, ಖುಷಿಯಿಲ್ಲ.

"ಬಾ," ಎಂದ. "ಬಿಸಿಲಲ್ಲಿ ನಿಲ್ಲಬೇಡ."

ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟ. ಅವಳು ಊರಿನ ಸುದ್ದಿ ಒಂದೆರಡು ಹೇಳಿದಳು, ಅವನು ಹೂಂ ಎಂದ. ಬರೀ ಹೂಂ. ಮಾತು ಮುಗಿದು ಬಸ್ಸಿನ ಹೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ ಅವಳು ಸಿನಿಮಾದ ಕಥೆ ತೆಗೆದಳು. ಕುರ್ಚಿಯ ದಿಂಬಿನ ವಿಷಯ ಬಂದಾಗ ಅವನ ತುಟಿಯ ಅಂಚು ಸ್ವಲ್ಪ ಮೇಲೆ ಹೋಯಿತು. ಇಟ್ಟಿಗೆಯ ವಿಷಯ ಬಂದಾಗ ಟೀ ಕುಡಿಯುವುದನ್ನು ನಿಲ್ಲಿಸಿದ.

"ಅವನಿಗೆ ಏನು ಕೇಳಿಸುತ್ತೆ ಅಂತ ಗೊತ್ತಾಗ್ತಿಲ್ಲ," ಎಂದಳು ಅವಳು. "ಅದಕ್ಕೇ ಕೇಳೋಣ ಅಂತ ಬಂದೆ. ಆವತ್ತು ನಿನಗೆ ಏನು ಕೇಳಿಸ್ತು?"

ಯಾವತ್ತು ಎಂದು ಅವನು ಕೇಳಲಿಲ್ಲ. ಅಷ್ಟರಲ್ಲಿ ಒಂದು ಲಾರಿ ಬಂದು ಕಟ್ಟೆ ಹತ್ತಿತು. ಅವನು ತೂಕ ನೋಡಿ ಕೂಗಿ ಹೇಳಿ, ಚೀಟಿ ಹರಿದು ಕೊಟ್ಟು, ಲಾರಿ ಗೇಟು ದಾಟುವವರೆಗೂ ಅತ್ತಲೇ ನೋಡುತ್ತಾ ಕೂತ.

"ನಿನ್ನ ಚಪ್ಪಾಳೆ," ಎಂದ.

"ಏನು?"

"ನಿನ್ನ ಚಪ್ಪಾಳೆ ಕೇಳಿಸ್ತು. ಮಿಕ್ಕವರದ್ದೆಲ್ಲ ಒಂದೇ ಸದ್ದು, ತಗಡಿನ ಮೇಲೆ ಮಳೆ ಬಿದ್ದ ಹಾಗೆ. ನಿನ್ನದು ಮಾತ್ರ ಬೇರೆ ಕೇಳಿಸ್ತು. ಇಬ್ಬರ ಪಾಲಿಂದು ತಟ್ತಾ ಇದ್ದೆ ನೀನು."

ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ನಿಜ, ಆವತ್ತು ಅವಳು ಹೆದರಿಕೆಯಲ್ಲಿ ಬುದ್ಧಿ ಓಡಿಸಿದ್ದಳು. ಎದೆಮಟ್ಟಕ್ಕಿದ್ದ ಕೈಯನ್ನು ಕೆಳಗೆ, ಅವನ ಕೈಗಳ ಬಳಿಗೆ ತಂದು, ಲಯ ಬದಲಾಯಿಸಿ ಬದಲಾಯಿಸಿ, ಒಂದು ಸಲ ತನ್ನದು, ಒಂದು ಸಲ ಅವನದು ಎಂದು ತಟ್ಟಿದ್ದಳು. ಮುಂದಿನ ಸಾಲಿನವರಿಗೆ ಎರಡು ಜೊತೆ ಕೈ ಇವೆ ಎನ್ನಿಸಬೇಕು. ಕಸುಬಿನವಳಲ್ಲವೇ, ಚೆನ್ನಾಗಿಯೇ ತಟ್ಟಿದ್ದಳು.

"ನಿನ್ನ ಮೇಲೆ ಯಾರ ಕಣ್ಣೂ ಬೀಳದೆ ಇರಲಿ ಅಂತ..."

"ಗೊತ್ತು. ಅದಕ್ಕೇ." ಅವನ ದನಿ ಏರಲಿಲ್ಲ. "ಅವರೆಲ್ಲ ಆ ಮನುಷ್ಯನಿಗೆ ತಟ್ಟಿದ್ರು. ಅವರ ಮೇಲೆ ನನಗೇನೂ ಇಲ್ಲ. ಹೊಟ್ಟೆಪಾಡು, ಹೆದರಿಕೆ, ಎಲ್ಲಾ ಅರ್ಥ ಆಗುತ್ತೆ. ನೀನು ನನ್ನ ಪರವಾಗಿ ತಟ್ಟಿದೆ. ನಾನು ಜೀವನದಲ್ಲಿ ಧೈರ್ಯ ಮಾಡಿ ಏನಾದ್ರೂ ಮಾಡಿದ್ರೆ ಅದೊಂದೇ, ಸುಮ್ಮನೆ ಕೂತಿದ್ದು. ಅದನ್ನೂ ನೀನು ಮುಚ್ಚಿಬಿಟ್ಟೆ."

"ಪಟ್ಟಿ ತಂದಿದ್ದಕ್ಕೆ ನಿನಗೆ ಸಿಟ್ಟು ಅಂದ್ಕೊಂಡಿದ್ದೆ ನಾನು."

"ಯಾವ ಪಟ್ಟಿ?" ಎಂದ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಇಷ್ಟು ವರ್ಷ ತಪ್ಪು ಜಾಗದಲ್ಲಿ ನೋವುಂಡಿದ್ದೇನೆ ಎಂದು ತಿಳಿದಾಗ ಮನುಷ್ಯರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಹೆಜ್ಜೆಯಕ್ಕ ಲೋಟ ತೊಳೆದು ಬೋರಲು ಹಾಕಿದಳು. ಕ್ಷಮಿಸು ಎಂಬ ಮಾತು ಬಾಯಿಗೆ ಬಂದು ವಾಪಸ್ಸು ಹೋಯಿತು. ಕ್ಷಮೆ ಕೇಳಿದರೆ ಅದೂ ಅವನ ಪಾಲಿನ ಇನ್ನೊಂದು ಚಪ್ಪಾಳೆಯಂತೆ ಕೇಳಿಸಬಹುದು ಎಂದು ಹೆದರಿದಳು. "ಸಿನಿಮಾಕ್ಕೆ ಅದನ್ನೇ ಹಾಕ್ತೀನಿ. ಬೇಡ ಅಂದ್ರೆ ಹಾಕಲ್ಲ," ಎಂದಳು.

"ಹಾಕು," ಎಂದ. "ನಿನ್ನ ಕೆಲಸ."

ಬಸ್ಸಿನಲ್ಲಿ ಇಡೀ ದಾರಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು, ಅದೂ ಒಳ್ಳೆಯದೇ ಆಯಿತು.

ಸ್ಟುಡಿಯೋದಲ್ಲಿ ಆ ಒಂದು ಚಪ್ಪಾಳೆಯನ್ನು ಹಿಡಿಯಲು ಅವಳು ಪಟ್ಟ ಪಾಡು ಸಣ್ಣದಲ್ಲ. ತಟ್ಟಬೇಕಾದವಳು ವಯಸ್ಸಿನಲ್ಲಿ ಚಿಕ್ಕವಳು, ಗಾಬರಿಬಿದ್ದವಳು, ಪಕ್ಕದವನ ಮೇಲೆ ಪ್ರಾಣ ಇಟ್ಟುಕೊಂಡವಳು. ಈಗಿನ ಅಂಗೈಗೆ ಆ ಸದ್ದು ಬರಲೊಲ್ಲದು. ಕೊನೆಗೆ ಮುದುಕಪ್ಪನಿಗೆ ದೀಪ ಆರಿಸಲು ಹೇಳಿ, ಖಾಲಿ ಕುರ್ಚಿಯೊಂದನ್ನು ಎಡಕ್ಕೆ ಎಳೆದುಕೊಂಡು, ಅಲ್ಲಿ ತಮ್ಮ ಕೂತಿದ್ದಾನೆ ಎಂದುಕೊಂಡು, ಕೆಳಗೆ ಬಾಗಿ ತಟ್ಟಿದಳು. ಒಂದು ಸಲ ತನ್ನದು, ಒಂದು ಸಲ ಅವನದು. ದೀಪ ಹತ್ತಿದಾಗ ಮುದುಕಪ್ಪ ಯಾವ ತಮಾಷೆಯನ್ನೂ ಮಾಡಲಿಲ್ಲ.

ನಿರ್ದೇಶಕ ದೃಶ್ಯವನ್ನು ಓಡಿಸಿ ನೋಡಿದ. ಊರಿನ ಚಪ್ಪಾಳೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಕ್ಷೌರಿಕನ ಕಿವಿಯ ಪಕ್ಕದಲ್ಲೇ ಒಂದು ಚಪ್ಪಾಳೆ ಉಳಿಯುತ್ತದೆ, ಜೋರಾಗಿ, ಅವಸರವಾಗಿ.

"ಇದು ಯಾರದ್ದು?" ಎಂದು ಕೇಳಿದ. "ಅವನ ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ."

"ಮೊದಲನೇ ಇಟ್ಟಿಗೆ ತಂದವಳದ್ದು," ಎಂದಳು ಹೆಜ್ಜೆಯಕ್ಕ.

ನಿರ್ದೇಶಕ ತಲೆ ಕೆರೆದುಕೊಂಡ. ಅವನ ಚಿತ್ರದಲ್ಲಿ ಮೊದಲ ಇಟ್ಟಿಗೆ ತರುವುದು ಮುಖ ಕಾಣದ ಒಬ್ಬ ಹೆಂಗಸು, ಅವಳು ಯಾರೆಂದು ಅವನೂ ಯೋಚಿಸಿರಲಿಲ್ಲ. "ಇರಲಿ ಅಕ್ಕಾ," ಎಂದ.

ಆ ಸಿನಿಮಾ ಒಂದೇ ಒಂದು ಮಧ್ಯಾಹ್ನ, ಬಾಡಿಗೆಯ ಹಾಲಿನಲ್ಲಿ ತೆರೆಕಂಡಿತು. ಹೆಜ್ಜೆಯಕ್ಕ ತಮ್ಮನ ಹೆಂಡತಿಗೆ ಫೋನಿನಲ್ಲಿ ದಿನ, ಜಾಗ ಹೇಳಿದ್ದಳು. ಬರುತ್ತಾನೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಬಂದವರಲ್ಲಿ ಅರ್ಧ ಮಂದಿ ನಿರ್ದೇಶಕನ ನೆಂಟರು, ಇನ್ನರ್ಧ ಫ್ಯಾನಿನ ಗಾಳಿಗೆ ಬಂದವರು. ಕೆಲವರು ನಡುವೆ ಎದ್ದು ಹೋದರು. ಇಟ್ಟಿಗೆ ಕಟ್ಟುವ ಹೊತ್ತಿಗೆ ಒಬ್ಬ ಗೊರಕೆ ಹೊಡೆಯುತ್ತಿದ್ದ, ಆ ಗೊರಕೆಯೂ ಸಿನಿಮಾದ್ದೇ ಎಂದು ಕೆಲವರು ಮೆಚ್ಚಿಕೊಂಡರು. ಆ ಒಂದು ಚಪ್ಪಾಳೆ ಬಂದಾಗ ಹೆಜ್ಜೆಯಕ್ಕ ಪರದೆ ನೋಡಲಿಲ್ಲ, ಕತ್ತಲಲ್ಲಿ ಹಿಂದಕ್ಕೆ ತಿರುಗಿ ನೋಡಿದಳು. ಬಾಗಿಲ ಬಳಿಯ ಕೊನೆಯ ಕುರ್ಚಿಯಲ್ಲಿ ತಮ್ಮ ಕೂತಿದ್ದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ.

ಚಿತ್ರ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ಅವನು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದ, ಮಂಡಿ ನೋವಿರಬೇಕು. ಅವಳು ಕೇಳಲಿಲ್ಲ. ಮಾತಾಡಿದರೆ ಎಲ್ಲಿ ಏನು ಕೆಡುತ್ತದೋ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವನ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು.

"ಸದ್ದು ಸರಿಯಾಗಿತ್ತು," ಎಂದ ಅವನು, ಬಸ್ಸಿನ ಕಡೆ ನೋಡುತ್ತಾ. ಆಮೇಲೆ ಅವಳತ್ತ ತಿರುಗಿದ. "ಆದ್ರೆ ಅಷ್ಟು ಜೋರಾಗೇನೂ ಇರಲಿಲ್ಲ ಬಿಡಕ್ಕ."

ಬಸ್ಸು ಹತ್ತಿದ, ಕಂಬಿ ಹಿಡಿದು ನಿಂತ, ಹೋದ.

ಹೆಜ್ಜೆಯಕ್ಕ ಅಲ್ಲೇ ನಿಂತಿದ್ದಳು. ಅವಳ ಕಿವಿ ಬದುಕಿನಲ್ಲಿ ಅವಳಿಗೆ ಮೋಸ ಮಾಡಿದ್ದಿಲ್ಲ. ಆವತ್ತು ಆ ಸಭಾಂಗಣದಲ್ಲಿ ಅವಳು ತಟ್ಟಿದ್ದು ಅಷ್ಟೇ ಜೋರಾಗಿ, ಒಂದು ಕೂದಲಷ್ಟೂ ಕಡಿಮೆಯಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಎರಡು ಕೈ ಸೇರಿಸಿ ಸುಳ್ಳು ಹೇಳಲಾರದೆ ಮೇಷ್ಟರ ಕುರ್ಚಿ ಕಳೆದುಕೊಂಡವನು, ಅವಳಿಗೋಸ್ಕರ ಈಗ ಒಂದು ಸುಳ್ಳು ಹೇಳಿ ಹೋಗಿದ್ದ.